ಚಿತ್ರಶಾಲೆಯ ಆರೋಗ್ಯ ಕಟ್ಟಳೆಗಳು

ಮುಖವನ್ನು ಮುಚ್ಚಿಕೊಂಡು ಅಭಿನಯಿಸುವುದು ನಟರಿಗೆ ಸಾಧ್ಯವಿಲ್ಲ. ಆದುದರಿಂದಲೇ ಕೊರೋನಾ ಜಾಡ್ಯವು ಹಬ್ಬಿದಾಗ ಅಮೆರಿಕೆಯ ಹಾಲಿವುಡ್ಡಿನ ಚಿತ್ರಶಾಲೆಗಳಿಗೆ ಬಿಗಿಯಾದ ಕಟ್ಟಳೆಗಳು ಬೇಕಾದುವು. 2020ನೆಯ ಸೆಪ್ಟೆಂಬರಿನಲ್ಲಿ ನಿರ್ಮಾಪಕರೂ ಕೆಲಸಗಾರರ ಸಂಘಗಳೂ ಒಪ್ಪಂದ ಮಾಡಿಕೊಂಡು, ನಟನಟಿಯರಿಗೆ ವಾರಕ್ಕೆ ಮೂರು ಸಲ ಪರೀಕ್ಷೆಯನ್ನೂ, ರೋಗ ತಗುಲಿದವರಿಗೆ 10 ದಿನಗಳವರೆಗೆ ಸಂಬಳಸಹಿತವಾದ ರಜವನ್ನೂ ಗೊತ್ತುಮಾಡಿದರು. 2021ರಲ್ಲಿ ಲಸಿಕೆಯನ್ನು ಕಡ್ಡಾಯಮಾಡುವ ಅಧಿಕಾರವೂ ನಿರ್ಮಾಪಕರಿಗೆ ದೊರೆಯಿತು.

ಚಿತ್ರಮಂದಿರಗಳಲ್ಲಿ ಪ್ರೇಕ್ಷಕರು ಮುಖಗವಸನ್ನು ಕಳಚಿದ ಮೇಲೂ ಈ ಕಟ್ಟಳೆಗಳು ಮತ್ತೆ ಮತ್ತೆ ಮುಂದುವರಿದು, 2023ನೆಯ ಮೇ 11ರಂದು ಕೊನೆಗೊಂಡುವು. ಲಸಿಕೆಯನ್ನೊಲ್ಲದೆ ಕೆಲಸದಿಂದ ಹೊರಗುಳಿದವರಿಗೆ ಅದೊಂದು ಬಿಡುಗಡೆಯೇ ಸರಿ. ಆದರೆ ಆ ವಿಶೇಷ ರಜವೂ ಅದರೊಡನೆಯೇ ಹೋಯಿತು. ಕಾಯಿಲೆ ಬಿದ್ದವನು ಹೊಟ್ಟೆಪಾಡಿಗಾಗಿ ಕೆಲಸಕ್ಕೆ ಬಂದು ಹತ್ತು ಜನರಿಗೆ ರೋಗವನ್ನು ಹಂಚದಂತೆ ತಡೆದ ಆ ಒಂದು ಕಟ್ಟಳೆಯನ್ನಾದರೂ ಉಳಿಸಿಕೊಳ್ಳಬಾರದಾಗಿತ್ತೇ?