ಮನೋರೋಗ ಶುಶ್ರೂಷೆಯ ಪರೀಕ್ಷೆಗೆ ಸಿದ್ಧತೆ

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ ಶುಶ್ರೂಷಾವೃತ್ತಿಯ ಹೆಸರು ಈಗ ಸಂಕೋಚವಿಲ್ಲದೆ ಕೇಳಿಬರುತ್ತಿದೆ. ವಿಜಯವಾಡದ ಹೋಟೆಲಿನಲ್ಲಿ ಒಲೆಯ ಮುಂದೆ ದುಡಿಯುವ ತಂದೆಯಾಗಲಿ, ವಿಶಾಖಪಟ್ಟಣದ ಕಚೇರಿಯಲ್ಲೋ ಅಚ್ಯುತಾಪುರದ ಕಾರ್ಖಾನೆಯಲ್ಲೋ ಲೆಕ್ಕ ಬರೆಯುವ ಅಣ್ಣನಾಗಲಿ, ಮನೆಯ ಹುಡುಗಿ ನರ್ಸಿಂಗ್ ಶಾಲೆಗೆ ಸೇರಿದಳೆಂದು ಹೆಮ್ಮೆಪಡುವುದುಂಟು. ಆದರೆ ಅದೇ ಹುಡುಗಿ ಮನೋರೋಗಿಗಳ ಶುಶ್ರೂಷೆಯಲ್ಲಿ ವಿಶೇಷ ಶಿಕ್ಷಣ ಪಡೆಯುವೆನೆಂದಾಗ ಹೆಮ್ಮೆಯೊಡನೆ ಭಯವೂ ಬೆರೆಯುತ್ತದೆ. “ಹುಚ್ಚಾಸ್ಪತ್ರೆಯ ಕೆಲಸವೇಕೆ?” ಎಂಬ ಪ್ರಶ್ನೆ ಮೊದಲು ಹುಟ್ಟುತ್ತದೆ. ಆ ವಿದ್ಯೆ ಎಂತಹುದು, ಅದರ ಪರೀಕ್ಷೆಗೆ ಸಿದ್ಧರಾಗುವ ಬಗೆ ಯಾವುದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿದ್ಯೆಗೂ ನಮ್ಮ ನಾಡಿಗೂ ಹತ್ತಿರದ ಸಂಬಂಧವಿದೆ. ೧೯೫೪ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರು. ೧೯೫೬ರಲ್ಲಿ ಅಲ್ಲಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ಡಿಪ್ಲೊಮಾ ಶಿಕ್ಷಣವು ಆರಂಭವಾಯಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ನಿಮ್ಹಾನ್ಸ್ ಆದವು. ಆಂಧ್ರದ ಕರಾವಳಿಗೂ ಇದರ ಇತಿಹಾಸದಲ್ಲಿ ಪಾಲುಂಟು. ವಿಶಾಖಪಟ್ಟಣವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೪೩ರಲ್ಲಿ, ಆ ಪ್ರಾಂತದ ಸರ್ಕಾರವು ಶುಶ್ರೂಷೆ ಕಲಿಯುವ ಗಂಡು ವಿದ್ಯಾರ್ಥಿಗಳಿಗೆ ಪ್ರಸೂತಿವಿದ್ಯೆಗೆ ಬದಲಾಗಿ ಮೂರು ತಿಂಗಳ ಮನೋರೋಗ ಶುಶ್ರೂಷೆಯ ಶಿಕ್ಷಣವನ್ನು ಏರ್ಪಡಿಸಿತು. ಈ ಕೆಲಸ ಹೆಣ್ಣುಮಕ್ಕಳದು ಮಾತ್ರವೆಂದು ತಿಳಿದಿರುವ ತರುಣರು ಈ ಸಂಗತಿಯನ್ನು ಗಮನಿಸಬೇಕು.

ಪರವಾನಗಿಯ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. ನಮ್ಮ ದೇಶದಲ್ಲಿ ಮನೋರೋಗ ಶುಶ್ರೂಷೆಗೆಂದೇ ಪ್ರತ್ಯೇಕ ಪರವಾನಗಿ ಪರೀಕ್ಷೆಯಿಲ್ಲ. ಶುಶ್ರೂಷೆಯ ಡಿಪ್ಲೊಮಾ ಅಥವಾ ಪದವಿಯ ಪರೀಕ್ಷೆಯಲ್ಲಿ ಮಾನಸಿಕ ಆರೋಗ್ಯವೂ ಒಂದು ಕಡ್ಡಾಯ ವಿಷಯ; ಅದರಲ್ಲಿ ತೇರ್ಗಡೆಯಾಗದೆ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳುವಂತಿಲ್ಲ. ನೋಂದಣಿಯಾದ ಬಳಿಕ ಒಂದು ವರ್ಷದ ವಿಶೇಷ ಡಿಪ್ಲೊಮಾ ಪಡೆಯಬಹುದು. ಕರ್ನಾಟಕದಲ್ಲಿ ಓದಿ ಆಂಧ್ರದಲ್ಲಿ ನೌಕರಿ ಮಾಡಬಯಸುವವರು ಇಲ್ಲಿನ ಪರಿಷತ್ತಿನಲ್ಲಿಯೂ ನೋಂದಣಿಯ ವ್ಯವಸ್ಥೆ ಮಾಡಿಕೊಳ್ಳಬೇಕು. ಬ್ರಿಟನ್ನಿನ ರೀತಿ ಬೇರೆ: ಅಲ್ಲಿ ಮನೋರೋಗ ಶುಶ್ರೂಷಕರಿಗೆ ಪ್ರತ್ಯೇಕ ನೋಂದಣಿಯಿದ್ದು, ಹೊರದೇಶದವರು ಗಣಕಯಂತ್ರದ ಪರೀಕ್ಷೆಯನ್ನೂ ಪ್ರಾಯೋಗಿಕ ಪರೀಕ್ಷೆಯನ್ನೂ ಅದೇ ಶಾಖೆಯಲ್ಲಿ ಕೊಡಬೇಕಾಗುತ್ತದೆ.

ಸಿದ್ಧತೆಯೆಂದರೆ ರೋಗಗಳ ಹೆಸರನ್ನು ಬಾಯಿಪಾಠ ಮಾಡುವುದಲ್ಲ. ಪರೀಕ್ಷಕರು ಬಹುತೇಕ ಒಂದು ಸಂದರ್ಭವನ್ನು ಮುಂದಿಟ್ಟು, ದಾದಿಯು ಮೊದಲು ಮಾಡಬೇಕಾದುದೇನೆಂದು ಕೇಳುತ್ತಾರೆ. “ನನ್ನನ್ನು ಕೊಲ್ಲುವೆವೆಂದು ಧ್ವನಿಗಳು ಹೇಳುತ್ತಿವೆ” ಎಂದು ರೋಗಿ ನುಡಿದರೆ ಏನುತ್ತರ? ಧ್ವನಿ ಸುಳ್ಳೆಂದು ವಾದಿಸುವುದೂ ತಪ್ಪು, ನಿಜವೆಂದು ತಲೆದೂಗುವುದೂ ತಪ್ಪು. ಆ ಧ್ವನಿ ತನಗೆ ಕೇಳಿಸದೆಂದು ಶಾಂತವಾಗಿ ತಿಳಿಸಿ, ರೋಗಿಯ ಭಯ ನಿಜವೆಂದು ಒಪ್ಪಿ, ತನಗಾಗಲಿ ಇತರರಿಗಾಗಲಿ ಹಾನಿ ಮಾಡಿಕೊಳ್ಳಲು ಆ ಧ್ವನಿಗಳು ಆಜ್ಞಾಪಿಸುತ್ತಿವೆಯೇ ಎಂದು ವಿಚಾರಿಸುವುದೇ ಸರಿಯಾದ ಕ್ರಮ. ೧೯೫೨ರಲ್ಲಿ ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾ ಎಂಬ ವಿದುಷಿಯು ದಾದಿಗೂ ರೋಗಿಗೂ ನಡುವಣ ಸಂಬಂಧವೇ ಚಿಕಿತ್ಸೆಯ ಸಾಧನವೆಂದು ಪ್ರತಿಪಾದಿಸಿದಳು. ರೋಗಿಯಾಡಿದ ಮಾತು, ತಾನಾಡಿದ ಮಾತು, ಆಗ ತನಗಾದ ಭಾವನೆ, ಇವನ್ನು ವಿದ್ಯಾರ್ಥಿಗಳು ಯಥಾವತ್ತಾಗಿ ಬರೆದಿಡುವ ಅಭ್ಯಾಸ ಆ ತತ್ತ್ವದ ಫಲ. ಈ ದಿನಚರಿಯನ್ನು ಶ್ರದ್ಧೆಯಿಂದ ಬರೆದವರಿಗೆ ಪರೀಕ್ಷೆಯ ಅರ್ಧ ಭಾರ ಇಳಿದಂತೆಯೇ.

ಔಷಧಗಳ ಭಾಗವು ಇಷ್ಟೇ ಮುಖ್ಯವಾದುದು. ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ರೋಗಕ್ಕೆ ಕೊಡುವ ಲಿಥಿಯಂ ಎಂಬ ಲವಣವು ರಕ್ತದಲ್ಲಿ ಮಿತಿಮೀರಿದರೆ ವಾಂತಿ, ಭೇದಿ, ಕೈನಡುಕ, ತೂರಾಡುವ ನಡಿಗೆ ಕಾಣಿಸಿಕೊಳ್ಳುತ್ತವೆ. ಆಗ ಮುಂದಿನ ಗುಳಿಗೆಯನ್ನು ತಡೆಹಿಡಿದು ತಕ್ಷಣ ವೈದ್ಯರಿಗೆ ತಿಳಿಸಬೇಕು. ಬೆವರು ವಿಪರೀತ ಸುರಿದು ದೇಹದ ನೀರೂ ಉಪ್ಪೂ ತಗ್ಗಿದಾಗ ಈ ಅಪಾಯ ಹೆಚ್ಚು. ವಿಜಯವಾಡದ ಬೇಸಿಗೆಯಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವನಿಗೆ ಇದು ಪುಸ್ತಕದ ಮಾತಲ್ಲ. ಅವನಿಗೆ ನೀರು, ಉಪ್ಪು, ರಕ್ತಪರೀಕ್ಷೆಗಳ ವಿಷಯವನ್ನು ತಿಳಿಯಹೇಳುವವಳು ದಾದಿಯೇ. ಖಿನ್ನತೆಯ ರೋಗಿಯು ತುಸು ಚೇತರಿಸಿಕೊಳ್ಳುವ ಮೊದಲ ದಿನಗಳಲ್ಲಿಯೇ ಆತ್ಮಹತ್ಯೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕೆಂಬುದೂ ಪದೇ ಪದೇ ಬರುವ ಪ್ರಶ್ನೆ. ನಿರಾಶೆ ಹೋಗುವ ಮುನ್ನವೇ ಚಟುವಟಿಕೆಯ ಶಕ್ತಿ ಮರಳಿರುತ್ತದೆ ಎಂಬುದು ಅದಕ್ಕೆ ಕಾರಣ.

ಕಾನೂನಿನ ಭಾಗದಲ್ಲಿ ಹಳೆಯ ಪುಸ್ತಕಗಳನ್ನು ನಂಬಬಾರದು. ಏಲೂರು ರಸ್ತೆಯ ಅಂಗಡಿಗಳಲ್ಲಿ ಅರ್ಧ ಬೆಲೆಗೆ ದೊರೆತ ಪುಸ್ತಕದಲ್ಲಿ ೧೯೮೭ರ ಕಾಯಿದೆ ಅಚ್ಚಾಗಿದ್ದರೆ ಆ ಅಧ್ಯಾಯವನ್ನು ಬದಿಗಿಡಬೇಕು. ಈಗ ಜಾರಿಯಲ್ಲಿರುವುದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ೨೦೧೮ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂದಿತು. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನೂ, ಅರಿವಳಿಕೆ ಹಾಗೂ ಸ್ನಾಯುಸಡಿಲಿಕೆಯ ಮದ್ದುಗಳಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ಅದು ನಿಷೇಧಿಸಿದೆ.

ಇನ್ನು ನಮ್ಮವರಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ. ಜ್ವರವನ್ನು ಉಷ್ಣಮಾಪಕ ಹೇಳುತ್ತದೆ. ಮನಸ್ಸಿನ ರೋಗವನ್ನು ರೋಗಿಯ ಮಾತೇ ಹೇಳಬೇಕು. ವೇಷಭೂಷಣ, ಮಾತಿನ ಗತಿ, ಭಾವ, ವಿಚಾರ, ಸ್ಥಳಕಾಲಗಳ ಅರಿವು, ಸ್ಮರಣೆ, ವಿವೇಕ ಎಂದು ಕ್ರಮವಾಗಿ ನಡೆಸುವ ಮನಃಸ್ಥಿತಿ ಪರೀಕ್ಷೆಯು ಬಹುಮಟ್ಟಿಗೆ ಭಾಷೆಯನ್ನೇ ಅವಲಂಬಿಸಿದೆ. ಊರು ಬಿಟ್ಟುಬಂದು ಕನ್ನಡವನ್ನಲ್ಲದೆ ಬೇರೆ ನುಡಿಯನ್ನರಿಯದ ಮಾಣಿಯೊಬ್ಬನನ್ನು ವಿಶಾಖಪಟ್ಟಣದ ಚಿನ್ನ ವಾಲ್ತೇರಿನಲ್ಲಿರುವ ಸರ್ಕಾರಿ ಮಾನಸಿಕ ಚಿಕಿತ್ಸಾಲಯಕ್ಕೆ ಕರೆತಂದರೆನ್ನೋಣ. ತೆಲುಗಿನ ಪ್ರಶ್ನೆಗೆ ಅವನು ಸುಮ್ಮನಿದ್ದರೆ ಅದು ರೋಗದ ಮೌನವೋ ಭಾಷೆಯರಿಯದ ಮೌನವೋ? ಎರಡೂ ನುಡಿಗಳನ್ನು ಬಲ್ಲ ದಾದಿಗೆ ಅದು ಕ್ಷಣದಲ್ಲಿ ತಿಳಿದೀತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡಿ ಬೆಳೆದ ನಮ್ಮ ಮಕ್ಕಳಿಗೆ ಈ ಸಂಪತ್ತು ಶುಲ್ಕವಿಲ್ಲದೆ ಬಂದಿದೆ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ಓದಿದ ಪ್ರತಿಯೊಂದು ಲಕ್ಷಣವನ್ನೂ ಈ ಎರಡು ನುಡಿಗಳಲ್ಲಿ ಹೇಳಿ ಅಭ್ಯಾಸ ಮಾಡುವುದರಿಂದ ನೆನಪೂ ಗಟ್ಟಿಯಾಗುತ್ತದೆ, ಮುಂದೆ ರೋಗಿಗೂ ಒದಗುತ್ತದೆ.

ಮನೆಯವರ ಕರ್ತವ್ಯವೂ ಕಡಿಮೆಯದಲ್ಲ. ಒಂದೇ ಕೋಣೆಯ ವಾಸದಲ್ಲಿ ದೀಪವನ್ನು ಹತ್ತುಗಂಟೆಯ ಮೇಲೂ ಉರಿಯಗೊಡುವುದು, ಪರೀಕ್ಷೆಯ ತಿಂಗಳಿನಲ್ಲಿ ಮನೆಗೆಲಸದ ಹೊರೆಯನ್ನು ಇಳಿಸುವುದು, ಕಲಿತ ಪಾಠವನ್ನು ಕಿವಿಗೊಟ್ಟು ಕೇಳುವುದು, ಇಷ್ಟಾದರೂ ಎಲ್ಲರಿಂದ ಸಾಧ್ಯ. ಕೇಳಿದವರಿಗೂ ಲಾಭವುಂಟು. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಹೊರಳುವ ಜೊತೆಗಾರನನ್ನು ಗೇಲಿಮಾಡುವ ಬದಲು, ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಲು ಅವನಿಗೆ ನೆರವಾಗಬಹುದು. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ.

ಮಗಳೋ ತಮ್ಮನೋ ಈ ವಿದ್ಯೆಯನ್ನು ಆರಿಸಿಕೊಂಡರೆ ಹಿರಿಯರು ತಡೆಯದಿರಲಿ. ಮನಸ್ಸು ಕದಡಿದ ಮನುಷ್ಯನೊಡನೆ ಅಂಜದೆ, ಅವಮಾನಿಸದೆ ಮಾತನಾಡಬಲ್ಲವರು ಎಲ್ಲ ಊರುಗಳಿಗೂ ಬೇಕು. ಬಂಧುಬಳಗದಿಂದ ದೂರ ಬಂದು ಬಾಳುತ್ತಿರುವ ನಮ್ಮಂತಹವರಿಗಂತೂ ಅವರು ಅತ್ಯವಶ್ಯ.