ಲೋಪವೂ ಒಂದು ಸಂಧಿ



ಮೂವತ್ತಕ್ಕೂ ಮಿಕ್ಕಿ ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ಜೀವಶಾಸ್ತ್ರದ ವಿಷಯವನ್ನೆತ್ತಿಕೊಂಡು ನಿಮ್ಮ ಮುಂದೆ ಬಂದಿರುವುದು ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವಿಲ್ಲದಿಲ್ಲ. ಕಳೆದ ವರ್ಷ ನಮ್ಮೂರು ಅಕ್ಕಿಆಲೂರಿನಲ್ಲಿ ನಡೆದ ರಕ್ತದಾನ ಶಿಬಿರವೊಂದಕ್ಕೆ ನಾನು ಎಂದಿನಂತೆ ಹೋಗಿದ್ದೆ. ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಈ ಊರನ್ನು ಈಚೆಗೆ ರಕ್ತದಾನಿಗಳ ತವರೂರೆಂದು ಕರೆಯುವ ರೂಢಿಯಾಗಿದೆ. ನನಗೂ ಅದರ ಹೆಮ್ಮೆಯುಂಟು. ಮೇಜಿನ ಹಿಂದೆ ಕುಳಿತಿದ್ದ ಹುಡುಗಿ ನನ್ನ ಹುಟ್ಟಿದ ವರ್ಷವನ್ನು ನೋಡಿ, ಪೆನ್ನನ್ನು ಕೆಳಗಿಟ್ಟು, "ನಿಮಗ ಅರವತ್ತೈದು ದಾಟೇತ್ರಿ ಸರ್. ಇನ್ನ ನಿಮ್ಮ ರಕ್ತ ತಗೊಳ್ಳಾಕ ಬರಂಗಿಲ್ರಿ. ಕುಂದರ್ರಿ, ಚಾ ಕುಡದು ಹೋಗ್ರಿ" ಎಂದಳು. ಆಕೆ ಹೇಳಿದುದು ನಿಯಮವೇ. ನಮ್ಮ ದೇಶದಲ್ಲಿ ೧೮ ವರ್ಷ ತುಂಬಿದವರಿಂದ ೬೫ ವರ್ಷದವರೆಗಿನವರು ಮಾತ್ರ ರಕ್ತ ಕೊಡಬಹುದು. ಆದರೂ ಆ ಚಹಾ ನನಗೆ ರುಚಿಸಲಿಲ್ಲ. ಕೊಡುವ ಅಧಿಕಾರವನ್ನೇ ಕಳೆದುಕೊಂಡೆನಲ್ಲ ಎಂಬ ಸಂಕಟ ಬಹಳ ದಿನ ಕಾಡಿತು.

ಆ ಸಂಕಟವೇ ನನ್ನನ್ನು ಈ ವಿಷಯದ ಕಡೆಗೆ ತಿರುಗಿಸಿತು. ಜೀವವುಳ್ಳದ್ದು ಏನನ್ನಾದರೂ ಕಳೆದುಕೊಳ್ಳುವುದು ಹೇಗೆ? ಎಲ್ಲ ಕಳೆತವೂ ಒಂದೇ ಬಗೆಯದೆ? ಜೀವಶಾಸ್ತ್ರ ಕಲಿಸಿದ ಹಳೆಯ ಸಹೋದ್ಯೋಗಿಗಳ ಹತ್ತಿರ ಕುಳಿತು, ಪುಸ್ತಕಗಳನ್ನು ಕೇಳಿ ಪಡೆದು, ನನಗೆ ತಿಳಿದಷ್ಟನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನನಗೆ ಪರಿಚಿತವಾದ ಲೋಪವೆಂದರೆ ವ್ಯಾಕರಣದ ಲೋಪ. ಊರು, ಅಲ್ಲಿ ಎಂಬೆರಡು ಮಾತುಗಳು ಕೂಡಿದಾಗ ಮೊದಲನೆಯ ಪದದ ಕೊನೆಯ ಉಕಾರ ಬಿದ್ದುಹೋಗಿ 'ಊರಲ್ಲಿ' ಆಗುತ್ತದೆ. ಆ ಉಕಾರ ಸತ್ತಿತೆಂದು ಯಾರೂ ಅಳುವುದಿಲ್ಲ. ಅದು ಬಿದ್ದುದರಿಂದಲೇ ಎರಡು ಮಾತು ಒಂದಾದವು. ಆದರೆ ಇದಕ್ಕೊಂದು ಕಟ್ಟುಪಾಡಿದೆ: ಅರ್ಥ ಕೆಡುವಂತಿದ್ದರೆ ಲೋಪ ಸಲ್ಲದು. 'ಗುರು' ಎಂಬುದಕ್ಕೆ 'ಅನ್ನು' ಸೇರಿದಾಗ 'ಗುರನ್ನು' ಎನ್ನುವುದಿಲ್ಲ, ನಡುವೆ ವಕಾರವನ್ನು ತಂದು 'ಗುರುವನ್ನು' ಎನ್ನುತ್ತೇವೆ. ನಮ್ಮೂರ ಹೆಸರನ್ನೇ ನೋಡಿರಿ. ಅಕ್ಕಿ ಮತ್ತು ಆಲೂರು ಸೇರಿದ್ದರೂ ಎರಡು ಸ್ವರಗಳನ್ನು ಹಾಗೆಯೇ ಅಕ್ಕಪಕ್ಕದಲ್ಲಿ ನಿಲ್ಲಿಸಿ ಬರೆಯುತ್ತೇವೆ. ಇಕಾರವನ್ನು ಬೀಳಿಸಿ ಅಕ್ಕಾಲೂರು ಎಂದರೆ ಅಕ್ಕಿ ಹೋಗಿ ಅಕ್ಕ ಬಂದು ಕೂಡುತ್ತಾಳೆ. ಅರ್ಥ ಉಳಿಸುವ ಲೋಪ, ಅರ್ಥ ಕೆಡಿಸುವ ಲೋಪ ಎಂಬ ಈ ಎರಡು ಬಗೆ ಭಾಷೆಯಲ್ಲಿರುವಂತೆ ಶರೀರದಲ್ಲಿಯೂ ಇದೆಯೆಂಬುದು ನಾನು ಕಂಡುಕೊಂಡ ಸಂಗತಿ.

ಮೊದಲು ಎಲೆಯನ್ನು ತೆಗೆದುಕೊಳ್ಳೋಣ. ಬೇಸಗೆ ಸಮೀಪಿಸುತ್ತಿದ್ದಂತೆ ನಮ್ಮ ಸೀಮೆಯ ಸಾಗವಾನಿ ಮರಗಳು ಬೋಳಾಗುತ್ತವೆ. ಎಲೆ ಒಣಗಿತು, ಆದ್ದರಿಂದ ಉದುರಿತು ಎಂದು ನಾವು ತಿಳಿಯುತ್ತೇವೆ. ವಾಸ್ತವ ಹಾಗಿಲ್ಲ. ಹಸಿ ಟೊಂಗೆಯೊಂದು ಗಾಳಿಗೆ ಮುರಿದು ಜೋತುಬಿದ್ದರೆ ಅದರ ಎಲೆಗಳು ಒಣಗಿ ಕಂದಾಗುತ್ತವೆ. ಆದರೆ ಬಹುಕಾಲ ಉದುರದೆ ಅಂಟಿಕೊಂಡೇ ಇರುತ್ತವೆ. ಏಕೆಂದರೆ ಉದುರಿಸುವುದು ಜೀವಂತ ಮರದ ಕೆಲಸ. ಎಲೆಯ ತೊಟ್ಟಿನ ಬುಡದಲ್ಲಿ ಜೀವಕೋಶಗಳ ತೆಳುವಾದ ಪದರವೊಂದಿರುತ್ತದೆ. ಕಾಲ ಬಂದಾಗ ಎಲೆಯಿಂದ ಹರಿದುಬರುವ ಆಕ್ಸಿನ್ ಎಂಬ ರಸ ಕಡಿಮೆಯಾಗಿ, ಎಥಿಲೀನ್ ಎಂಬ ಅನಿಲದ ಪ್ರಭಾವ ಹೆಚ್ಚುತ್ತದೆ. ಆಗ ಆ ಪದರದ ಕೋಶಗಳು ತಮ್ಮ ನಡುವಣ ಅಂಟನ್ನು ತಾವೇ ಕರಗಿಸಿಕೊಳ್ಳುತ್ತವೆ. ಅದಕ್ಕೆ ಮುನ್ನವೇ ಮರವು ಎಲೆಯಲ್ಲಿದ್ದ ಸಾರಜನಕ, ರಂಜಕಗಳಲ್ಲಿ ಬಹುಪಾಲನ್ನು ಕಾಂಡಕ್ಕೆ ಹಿಂದೆಗೆದುಕೊಂಡಿರುತ್ತದೆ. ಹಸಿರು ಕಳೆದು ಹಳದಿ ಕಾಣುವುದು ಈ ವಸೂಲಿಯ ಗುರುತು. ಎಲೆ ಬಿದ್ದ ಗಾಯದ ಮೇಲೆ ಬೆಂಡಿನಂಥ ಮುಚ್ಚಳವೂ ಸಿದ್ಧವಾಗುತ್ತದೆ. ಲೆಕ್ಕ ಚುಕ್ತಾ ಮಾಡಿ, ಬಾಗಿಲು ಮುಚ್ಚಿ, ಆಮೇಲೆ ಬೀಳ್ಕೊಡುವ ಕ್ರಮವಿದು. ನೀರಿಲ್ಲದ ದಿನಗಳಲ್ಲಿ ಎಲೆಗಳನ್ನು ಹೊತ್ತು ನಿಂತರೆ ಮರವೇ ಉಳಿಯದು.

ಮಾವಿನ ತೋಟವುಳ್ಳ ಹಾನಗಲ್ಲ ಭಾಗದ ರೈತರಿಗೆ ಇನ್ನೊಂದು ಉದುರುವಿಕೆ ಚೆನ್ನಾಗಿ ಗೊತ್ತು. ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳು. ಕೊನೆಗೆ ನಿಲ್ಲುವುದು ಒಂದೆರಡು ಕಾಯಿ. ಗಾಳಿಮಳೆ, ರೋಗಗಳಿಂದಾಗುವ ಹಾನಿ ಬೇರೆ. ಅದಾವುದೂ ಇಲ್ಲದಿದ್ದರೂ ತಾನು ಸಾಕಲಾರದ ಮಿಡಿಗಳನ್ನು ಮರ ತಾನೇ ಬಿಡುತ್ತದೆ. ಇದಕ್ಕೆ ವಿರುದ್ಧವಾದುದು ಬತ್ತದ ಕಥೆ. ಕಾಡುಬತ್ತದ ಕಾಳು ಬಲಿತೊಡನೆ ತೆನೆಯಿಂದ ಉದುರಿ ನೆಲ ಸೇರುತ್ತದೆ. ಅದು ಅದರ ವಂಶ ಬೆಳೆಯುವ ದಾರಿ. ಉದುರದೆ ತೆನೆಯಲ್ಲೇ ನಿಂತ ಕಾಳನ್ನು ಮನುಷ್ಯ ಕೊಯ್ದು, ಮರುವರ್ಷ ಅದನ್ನೇ ಬಿತ್ತಿದ. ಹೀಗೆ ಸಾವಿರಾರು ವರ್ಷ ನಡೆದು ಬತ್ತವು ಉದುರುವ ಗುಣವನ್ನೇ ಬಹುಮಟ್ಟಿಗೆ ಕಳೆದುಕೊಂಡಿತು. ಇದಕ್ಕೆ ಮುಖ್ಯ ಕಾರಣವಾದ ವಂಶವಾಹಿಯೊಂದರಲ್ಲಿ ಒಂದೇ ಒಂದು ಅಕ್ಷರ ಬದಲಾದುದನ್ನು ವಿಜ್ಞಾನಿಗಳು ೨೦೦೬ರಲ್ಲಿ ತೋರಿಸಿಕೊಟ್ಟರು. ಹೆಸರಿನಲ್ಲೇ ಅಕ್ಕಿಯನ್ನಿಟ್ಟುಕೊಂಡ ಊರಿನವರಾದ ನಾವು ಆ ಒಂದಕ್ಷರದ ಋಣದಲ್ಲಿದ್ದೇವೆ.

ಎಲೆಯ ಉದುರುವಿಕೆಗೂ ನಮ್ಮ ದೇಹಕ್ಕೂ ಇರುವ ನಂಟನ್ನು ಒಂದು ಶಬ್ದವೇ ಹೇಳುತ್ತದೆ. ಕೆರ್, ವೈಲಿ ಮತ್ತು ಕರಿ ಎಂಬ ಮೂವರು ರೋಗವಿಜ್ಞಾನಿಗಳು ೧೯೭೨ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪೆಟ್ಟಿನಿಂದ ಸಾಯುವ ಜೀವಕೋಶ ಉಬ್ಬಿ, ಒಡೆದು, ಸುತ್ತಲೂ ಉರಿಯೂತವೆಬ್ಬಿಸುತ್ತದೆ. ಆದರೆ ಬೇರೊಂದು ಸಾವಿದೆ. ಅಲ್ಲಿ ಕೋಶವು ಕುಗ್ಗಿ, ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ನೆರೆಯ ಕೋಶಗಳು ಅವನ್ನು ಸದ್ದಿಲ್ಲದೆ ನುಂಗಿಬಿಡುತ್ತವೆ. ಇಂಥ ಮರಣಕ್ಕೆ ಹೆಸರೇನಿಡಬೇಕೆಂದು ಅವರು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಭಾಷಾ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್ ಅವರ ನೆರವು ಪಡೆದರು. ಅವರು ಸೂಚಿಸಿದ ಹೆಸರು 'ಅಪೊಪ್ಟೋಸಿಸ್'. ಗ್ರೀಕಿನಲ್ಲಿ ಅದರ ಅರ್ಥ ಗಿಡದಿಂದ ಎಲೆ, ಹೂವಿನಿಂದ ಪಕಳೆ ಉದುರುವುದೆಂದು. ಭಾಷೆಯ ಮೇಷ್ಟ್ರೊಬ್ಬರು ಜೀವಶಾಸ್ತ್ರಕ್ಕೆ ಉಪಕಾರ ಮಾಡಿದ್ದು ನನಗೆ ತುಸು ಧೈರ್ಯ ಕೊಟ್ಟಿತೆಂದು ಬೇರೆ ಹೇಳಬೇಕಾಗಿಲ್ಲ.

ಗರ್ಭದಲ್ಲಿ ಶಿಶುವಿನ ಕೈ ಮೊದಲು ಹುಟ್ಟಿನಂಥ ಒಂದು ಹಲಗೆ. ನಡುವಣ ಕೋಶಗಳು ಹೀಗೆ ಉದುರಿಹೋಗಿ ಐದು ಬೆರಳು ಬಿಡಿಬಿಡಿಯಾಗುತ್ತವೆ. ಕೆರೆಯ ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಕರಗುವುದೂ ಹೀಗೆಯೇ. ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದರಲ್ಲಿ ೧,೦೯೦ ದೇಹಕೋಶಗಳು ಹುಟ್ಟಿ, ಅವುಗಳಲ್ಲಿ ೧೩೧ ಸಾಯುತ್ತವೆ. ಪ್ರತಿ ಹುಳುವಿನಲ್ಲೂ ಸಾಯುವವು ಅವೇ ೧೩೧. ಇದನ್ನು ವಿವರಿಸಿದ ಬ್ರೆನರ್, ಹಾರ್ವಿಟ್ಜ್, ಸಲ್ಸ್ಟನ್ ಅವರಿಗೆ ೨೦೦೨ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಈ ಸಾವನ್ನು ಒಲ್ಲೆನೆಂದು ಹಟ ಹಿಡಿದ ಕೋಶಗಳೇ ಅನೇಕ ವೇಳೆ ಅರ್ಬುದವಾಗಿ ಬೆಳೆಯುತ್ತವೆ.

ಇನ್ನು ರಕ್ತ. ರಕ್ತದ ಕೆಂಪುಕಣ ಹುಟ್ಟುವುದೇ ಒಂದು ತ್ಯಾಗದಿಂದ. ಎಲುಬಿನ ನೆಣದಲ್ಲಿ ಬಲಿಯುವಾಗ ಅದು ತನ್ನ ಕೋಶಕೇಂದ್ರವನ್ನು ಹೊರದೂಡುತ್ತದೆ. ಹಾಗೆ ತೆರವಾದ ಜಾಗದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಆದರೆ ಕೇಂದ್ರವಿಲ್ಲದ ಕಣ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು. ಸುಮಾರು ೧೨೦ ದಿನ ದುಡಿದು ಸವೆದ ಕಣವನ್ನು ಗುಲ್ಮ, ಯಕೃತ್ತುಗಳಲ್ಲಿರುವ ಭಕ್ಷಕ ಕೋಶಗಳು ನುಂಗುತ್ತವೆ. ನಾನು ಈ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ನಿಮ್ಮೊಳಗೆ ಒಂದು ಕೋಟಿಯಷ್ಟು ಕಣಗಳು ಅಳಿದು, ಅಷ್ಟೇ ಹೊಸವು ಹುಟ್ಟಿರುತ್ತವೆ. ಸೆಕೆಂಡಿಗೆ ಸುಮಾರು ೨೦ ಲಕ್ಷದ ಲೆಕ್ಕವಿದು. ಅಳಿದ ಕಣದ ಕಬ್ಬಿಣವನ್ನು ದೇಹ ಬಿಟ್ಟುಕೊಡುವುದಿಲ್ಲ. ದಿನಕ್ಕೆ ಸುಮಾರು ೨೦ ಮಿಲಿಗ್ರಾಂ ಕಬ್ಬಿಣ ಹಳೆಯ ಕಣಗಳಿಂದ ಹೊಸವಕ್ಕೆ ಕೈಬದಲಾಗುತ್ತದೆ. ಊಟದಿಂದ ಸೇರುವುದು ಕೇವಲ ಒಂದೆರಡು ಮಿಲಿಗ್ರಾಂ. ಉಳಿದ ಬಣ್ಣ ಪಿತ್ತವಾಗಿ ಹೊರಬೀಳುತ್ತದೆ. ಪೆಟ್ಟು ಬಿದ್ದ ಜಾಗ ಮೊದಲು ನೀಲಿಗಟ್ಟಿ, ಆಮೇಲೆ ಹಸಿರು, ಹಳದಿಯಾಗುವುದನ್ನು ನೀವು ಕಂಡಿದ್ದೀರಿ; ರಕ್ತದ ಬಣ್ಣ ಹಂತಹಂತವಾಗಿ ಒಡೆಯುವ ಪರಿಯದು. ಇದೂ ಅರ್ಥ ಕೆಡದ ಲೋಪವೇ.

ಅರ್ಥ ಕೆಡಿಸುವ ಲೋಪಗಳೂ ಇವೆ. ನನ್ನ ಕಿವಿಯೇ ಅದಕ್ಕೆ ಸಾಕ್ಷಿ. ಒಳಗಿವಿಯ ಶಂಖದಲ್ಲಿ ಶಬ್ದವನ್ನು ಹಿಡಿಯುವ ರೋಮಕೋಶಗಳು ಹುಟ್ಟುವಾಗ ಸುಮಾರು ಹದಿನೈದು ಸಾವಿರ. ಹಕ್ಕಿಗಳಲ್ಲಿ, ಮೀನುಗಳಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ. ಮನುಷ್ಯನಲ್ಲಿ ಒಮ್ಮೆ ಹೋದರೆ ಹೋದವೇ. ವಯಸ್ಸಾದಂತೆ ಮೊದಲು ನಶಿಸುವುದು ಏರುದನಿಯನ್ನು ಗ್ರಹಿಸುವ ಕೋಶಗಳು. ಸಕಾರ ಶಕಾರಗಳು ಇರುವುದು ಆ ನೆಲೆಯಲ್ಲಿ. 'ಶಂಕರ'ನನ್ನು 'ಸಂಕರ' ಎಂದ ಎಷ್ಟೋ ವಿದ್ಯಾರ್ಥಿಗಳನ್ನು ನಾನು ನಿಲ್ಲಿಸಿ ತಿದ್ದಿದ್ದೇನೆ. ಇಂದು ಅವರೇ ಬಂದು ಯಾವುದನ್ನು ಉಚ್ಚರಿಸಿದರೂ ನನಗೆ ಭೇದ ತಿಳಿಯದು. ಇಲ್ಲಿ ಬಿದ್ದುಹೋದ ಸ್ವರದ ಜಾಗಕ್ಕೆ ಬರುವ ಸ್ವರವಿಲ್ಲ.

ಇದಕ್ಕಿಂತ ಕಠಿಣವಾದುದು ಥಲಸ್ಸೀಮಿಯಾ ಎಂಬ ಆನುವಂಶಿಕ ರೋಗ. ಹಿಮೋಗ್ಲೋಬಿನ್ನಿನ ಒಂದು ಎಳೆಯನ್ನು ಹೆಣೆಯುವ ಶಕ್ತಿ ಈ ಮಕ್ಕಳಲ್ಲಿ ಇರುವುದಿಲ್ಲ ಅಥವಾ ತೀರ ಕಡಿಮೆ. ಅವರ ಕೆಂಪುಕಣಗಳು ನೆಣದಲ್ಲಿಯೇ ಹಾಳಾಗುತ್ತವೆ. ಹೊರಬಂದವೂ ಬೇಗ ಅಳಿಯುತ್ತವೆ. ತೀವ್ರರೂಪದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಬೇಕು. ಆ ರಕ್ತದೊಡನೆ ಬರುವ ಕಬ್ಬಿಣವನ್ನು ಹೊರಹಾಕುವ ದಾರಿಯನ್ನು ಪ್ರಕೃತಿ ನಮ್ಮ ದೇಹಕ್ಕೆ ಇಟ್ಟಿಲ್ಲ. ಅದು ಹೃದಯದಲ್ಲಿ, ಯಕೃತ್ತಿನಲ್ಲಿ ಕೂಡಿ ಕೇಡು ಮಾಡುತ್ತದೆ. ಔಷಧಿಯಿಂದಲೇ ಅದನ್ನು ತೆಗೆಸಬೇಕು. ಒಂದನ್ನು ಕಳೆದುಕೊಳ್ಳುವುದು ನಿಲ್ಲದು, ಇನ್ನೊಂದನ್ನು ಕಳೆದುಕೊಳ್ಳಲು ಬಾರದು. ತಂದೆತಾಯಿಗಳಿಬ್ಬರೂ ಈ ದೋಷದ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ವಾಹಕರು ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಮದುವೆಗೆ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸಿಕೊಂಡರೆ ಇದು ತಿಳಿಯುತ್ತದೆ. ಜಾತಕ ನೋಡುವ ಮನೆಗಳಲ್ಲಿ ಇದನ್ನೂ ನೋಡಿದರೆ ಒಳಿತು.

ಕೊನೆಯದಾಗಿ ಒಂದು ಸ್ವಂತದ ಮಾತು. ೧೯೭೧ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ನಮ್ಮಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕಸ ಬಿದ್ದ ಮೇಲೆ ಗರ್ಭಕೋಶದ ಸ್ನಾಯುಗಳು ಬಿಗಿದು ಆ ನಾಳಗಳ ಬಾಯನ್ನು ಅಮುಕಬೇಕು. ಅಂದು ಅವು ಬಿಗಿಯಲಿಲ್ಲ. ಗಾಡಿ ಹೂಡಿ ಹಾನಗಲ್ಲಿನ ದಾರಿ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶರೀರದಲ್ಲಿರುವ ಸುಮಾರು ಐದು ಲೀಟರ್ ರಕ್ತದಲ್ಲಿ ಏಳರಲ್ಲೊಂದು ಪಾಲು ಹೋದರೆ ದೇಹ ತಾಳಿಕೊಳ್ಳುತ್ತದೆ. ಐದರಲ್ಲೆರಡು ಪಾಲು ಹೋದರೆ ಪ್ರಾಣಕ್ಕೇ ಸಂಚಕಾರ. ಮರದ ಎಲೆಗಿರುವ ಮುಚ್ಚಳ ನಮ್ಮಕ್ಕನಿಗೆ ಒದಗಲಿಲ್ಲ. ಅಂದು ಹತ್ತಿರದಲ್ಲಿ ಯಾರದಾದರೂ ರಕ್ತ ಸಿದ್ಧವಿದ್ದಿದ್ದರೆ ಎಂದು ನಾನು ಯೋಚಿಸಿದ್ದು ಬಹಳ ದೊಡ್ಡವನಾದ ಮೇಲೆ. ರಕ್ತ ಕೊಡಲು ತೊಡಗಿದ್ದು ಆಗಲೇ.

ಕೊಟ್ಟವನಿಗೆ ಏನು ನಷ್ಟವಾಗುತ್ತದೆ? ಒಮ್ಮೆಗೆ ತೆಗೆಯುವುದು ೩೫೦ ಅಥವಾ ೪೫೦ ಮಿಲಿಲೀಟರ್. ಅದರ ದ್ರವಭಾಗ ಒಂದೆರಡು ದಿನಗಳಲ್ಲಿ ತುಂಬಿಬರುತ್ತದೆ. ಪ್ರಾಣವಾಯು ಕಡಿಮೆಯಾದುದನ್ನು ಮೂತ್ರಪಿಂಡಗಳು ಅರಿತು ನೆಣಕ್ಕೆ ಸಂದೇಶ ಕಳಿಸುತ್ತವೆ; ಕಣಗಳು ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ಆದ್ದರಿಂದಲೇ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದೆಂಬ ನಿಯಮವಿದೆ. ನಾವು ಕೊಡದಿದ್ದರೂ ಆ ಕಣಗಳು ೧೨೦ ದಿನಕ್ಕೆ ಹೇಗೂ ಅಳಿಯುವವೇ. ಹೋಗುವುದನ್ನೇ ಕೊಡುತ್ತೇವೆ, ಪಡೆದವರಿಗೆ ಅದು ಉಳಿವು.

ಶಿಬಿರದಲ್ಲಿ ಅಂದು ಚಹಾದ ಲೋಟ ಹಿಡಿದು ಕುಳಿತಿದ್ದೆನೆಂದೆನಲ್ಲ, ನನ್ನ ಪಕ್ಕದ ಮಂಚದ ಮೇಲೆ ಅಕ್ಕನ ಮಗಳ ಮಗ ಮಲಗಿದ್ದ. ತೋಳಿಗೆ ಸೂಜಿ ಚುಚ್ಚಿಸಿಕೊಂಡು ನನ್ನ ಕಡೆ ತಿರುಗಿ ಅವನು ಏನೋ ಹೇಳಿದ. ನನ್ನ ಕಿವಿಗೆ ಅದು ಸರಿಯಾಗಿ ಬೀಳಲಿಲ್ಲ. ಇನ್ನೊಮ್ಮೆ ಹೇಳೆಂದೆ. "ಅಜ್ಜಾ, ಮುಂದಿನ ಸಲಾನೂ ನೀ ನನ್ನ ಜೋಡಿ ಬಾ ಅಂದೆ" ಎಂದ.

ಬರುತ್ತೇನೆಂದು ಹೇಳಿದ್ದೇನೆ.