ಕಳ್ಳಿಯಲ್ಲದ ಕಳ್ಳಿ

ಕಳ್ಳಿ ಎಂದೊಡನೆ ನಮಗೆ ನೆನಪಾಗುವುದು ಮುಳ್ಳು. ಬೇಲಿಗೆ ಬಿಟ್ಟರೆ ಬೇರೇನಕ್ಕೂ ಅದು ಬೇಡವೆಂದೇ ನಮ್ಮ ಎಣಿಕೆ. ಆದರೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಒಣನೆಲದಲ್ಲಿ, ಮುಳ್ಳುಪೊದೆಗಳ ಆಸರೆಯಲ್ಲಿ, ಕಳ್ಳಿಯಂತೆಯೇ ಕಾಣುವ ಒಂದು ಪುಟ್ಟ ಗಿಡವಿದೆ. ನಾಲ್ಕು ಅಂಚಿನ ದಪ್ಪ ಕಾಂಡ; ಎಲೆ ಹೆಸರಿಗೆ ಮಾತ್ರ; ಮುಳ್ಳು ಇಲ್ಲವೇ ಇಲ್ಲ. ತಮಿಳಿನಲ್ಲಿ ಇದಕ್ಕೆ ಕಳ್ಳಿಮುಳೆಯಾನ್ ಎನ್ನುತ್ತಾರೆ. ಪಾಪಾಸುಕಳ್ಳಿಯ ತವರು ಅಮೆರಿಕ. ಇದಾದರೋ ನಮ್ಮ ನೆಲದ್ದೇ, ಎಕ್ಕದ ಗಿಡದ ಬಂಧು.

ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ವಿಲಿಯಂ ರಾಕ್ಸ್‌ಬರ್ಗ್, 1795ರಲ್ಲಿ. 1810ರಲ್ಲಿ ರಾಬರ್ಟ್ ಬ್ರೌನ್ ಇದರ ತೆಲುಗು ಹೆಸರನ್ನೇ ಆಧರಿಸಿ 'ಕ್ಯಾರಲ್ಲುಮ' ಎಂಬ ಕುಲವನ್ನು ಸ್ಥಾಪಿಸಿದರು. ಗಿಡದ ಪೂರ್ಣ ಹೆಸರು ಕ್ಯಾರಲ್ಲುಮ ಅಡ್ಸೆಂಡೆನ್ಸ್.

ಹೂವಿಲ್ಲದಾಗ ಇವೆಲ್ಲ ಒಂದೇ ಎನಿಸುತ್ತದೆ. ಹೂ ಬಿಟ್ಟಾಗ ನೋಡಬೇಕು! 'ಅಟೆನ್ಯುಯೇಟ' ಎಂಬ ರೂಪದ ಹೂವು ಕಡುನೇರಳೆ. 'ಫಿಂಬ್ರಿಯೇಟ'ದ ದಳಗಳ ಅಂಚಿನಲ್ಲಿ ಕುಚ್ಚಿನಂತೆ ರೋಮಗಳು. 2011ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಎರಡು ಬಣ್ಣದ ಹೂವಿನ 'ಬೈಕಲರ್' ಅನ್ನು ಹೊಸ ಪ್ರಭೇದವೆಂದೇ ಪ್ರಕಟಿಸಲಾಯಿತು. ಬಳಿಕ ಅದನ್ನೂ ಇದೇ ಪ್ರಭೇದದ ಒಂದು ರೂಪವೆಂದು ಎಣಿಸಿದವರಿದ್ದಾರೆ. ಮನೆ ಒಂದೇ, ಮಕ್ಕಳ ಮುಖ ಬೇರೆ ಬೇರೆ ಎಂಬಂತೆ.

ಹಸಿವು ತಣಿಸಲು ಕಾಡಿನ ಜನರು ಇದರ ಕಾಂಡವನ್ನು ಹಸಿಯಾಗಿಯೇ ಅಗಿಯುತ್ತಿದ್ದರು. ಉಪ್ಪಿನಕಾಯಿ, ಚಟ್ನಿಗೂ ಇದು ಒದಗುತ್ತದೆ. ಇಂದು ಇದರ ಸಾರ ಬೊಜ್ಜು ಕರಗಿಸುವ ಮಾತ್ರೆಯಾಗಿ ದೇಶವಿದೇಶಗಳಲ್ಲಿ ಮಾರಾಟವಾಗುತ್ತಿದೆ. ಬೆಂಗಳೂರಿನ ನಮ್ಮ ಸಂತ ಜಾನರ ವೈದ್ಯಕೀಯ ಸಂಸ್ಥೆಯ ತಜ್ಞರು 50 ಮಂದಿಯ ಮೇಲೆ 60 ದಿನ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾರ ಸೇವಿಸಿದವರ ಹಸಿವೂ ಸೊಂಟದ ಸುತ್ತಳತೆಯೂ ಕಡಿಮೆಯಾದವು. ಆದರೆ ತೂಕದಲ್ಲಿ, ಬರಿಯ ಮಾತ್ರೆ ನುಂಗಿದವರಿಗೂ ಇವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಜಾಹೀರಾತನ್ನು ನಂಬಿ, ವೈದ್ಯರನ್ನು ಕೇಳದೆ ಇಂಥ ಮಾತ್ರೆ ಕೊಳ್ಳುವುದು ಜಾಣತನವಲ್ಲ.

ಬೇಡಿಕೆ ಬಂದಲ್ಲಿ ಬೇರುಸಹಿತ ಕೀಳುವ ಕೈಗಳೂ ಬರುತ್ತವೆ. ಒಂದು ಗುಡ್ಡದ ಗಿಡವನ್ನೆಲ್ಲ ಕಿತ್ತರೆ, ಇನ್ನೊಂದು ಗುಡ್ಡದಲ್ಲಿ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಅಲ್ಲಿರುವುದು ಬೇರೆಯೇ ರೂಪವಾಗಿರಬಹುದು. ಬೇಕಾದವರು ಒಂದು ತುಂಡು ಕಾಂಡವನ್ನು ತಂದು, ಮರಳು ಬೆರೆತ ಮಣ್ಣಿನ ಕುಂಡದಲ್ಲಿ ನೆಟ್ಟರೆ ಸಾಕು, ಬೇರು ಬಿಡುತ್ತದೆ. ನೀರು ಮಾತ್ರ ಕಡಿಮೆ ಇರಲಿ. ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ತಾಯಿಗಿಡ ಇದ್ದಲ್ಲೇ ಇರಲಿ.